ಎತ್ತದ ಫೋನು

ನನ್ನ ಅಕ್ಷರ ಸೊಟ್ಟಗಿವೆ, ಶಾಲೆ ಬಿಟ್ಟವಳು, ಮಾತು ತಪ್ಪಿದ್ದರೆ ಕ್ಷಮಿಸಿ. ನಮ್ಮೂರು ಚಿಂತಾಕಿಯಲ್ಲಿ ನನ್ನ ಜೊತೆ ಕುರಿ ಕಾಯುವ ಚಿಕ್ಕಮ್ಮ, ಸುಂದರಬಾಯಿ ಕಾಕು, ಮೊದಲು ಜಾಲಿಯ ನೆರಳಲ್ಲಿ ಊರ ಸುದ್ದಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದರು. ಬರ ಬಿದ್ದು ಗಂಡ ದತ್ತಾತ್ರಿ ಹೈದರಾಬಾದಿಗೆ ಕಟ್ಟಡ ಕೆಲಸಕ್ಕೆ ಹೋದಮೇಲೆ ಮೊಬೈಲನ್ನೇ ನೋಡುತ್ತ ಕೂರುತ್ತಾರೆ. ಮಧ್ಯಾಹ್ನ ಅದು ಒಮ್ಮೆ ರಿಂಗಾಗಿ ನಿಂತರೆ ಗಂಡ ಆರಾಮವಾಗಿದ್ದಾರೆಂದು ಇಬ್ಬರ ನಡುವಿನ ಗುರುತು, ಕಾಕು ಎತ್ತುವುದಿಲ್ಲ. "ಕೇಳಿದ್ರೇನ್ರೆ, ನಿಮ್ಮ ಮಾಲಕರು ಆರಾಮ್ ಅದಾರಂತ" ಎಂದು ಕುರಿಗಳಿಗೆ ಹೇಳುತ್ತಾರೆ. ಇಂದು ಫೋನು ಬಿಡದೆ ರಿಂಗಾಯಿತು. "ಎತ್ತರಿ ಕಾಕು" ಎಂದೆ. "ಸುಮ್ಕಿರ ಹುಚ್ಚಿ, ಇವತ್ತ ಭಾಳ ಆರಾಮ್ ಅದಾರ" ಎಂದವರು ಅದನ್ನು ಕಂಬಳಿಯಲ್ಲಿ ಸುತ್ತಿ, ಅದರ ಮೇಲೆಯೇ ಕುಳಿತುಬಿಟ್ಟರು. ಸಂಜೆ ಅವರು ಕುರಿಗಳಿಗೆ ನೀರು ಕುಡಿಸಲು ಹೋದಾಗ ಕಂಬಳಿಯಿಂದ ಮೊಬೈಲು ತೆಗೆದು, ಆ ಫೋನು ಬಂದ ನಂಬರಿಗೆ ನಾನೇ ಫೋನ್ ಮಾಡಿ ಏನಾಯಿತೆಂದು ಕೇಳುತ್ತೇನೆ.