ಕೂತರೆ ಓಡುವ ಹಾಜರಿ ಪ್ರೋಗ್ರಾಂ

ತಪ್ಪು ಮಾಡಿದವನು ಎಂಜಿನಿಯರ್, ನೋಟಿಸ್ ಸಿಕ್ಕಿದ್ದು ಆಪರೇಟರ್ ಶಾಂತವ್ವನಿಗೆ. ಮಹಾರಾಷ್ಟ್ರದ ಶೇಂದ್ರಾದ ಒಂದು ಕಾರ್ಖಾನೆಯ ಹಾಜರಿ ಪ್ರೋಗ್ರಾಂ ದಿನಾ ನಿಲ್ಲುತ್ತಿತ್ತು; ಆಕೆಯೇ ನಿಲ್ಲಿಸುತ್ತಾಳೆ, ಕೆಲಸದಿಂದ ತೆಗೆಯುತ್ತೇವೆ ಎಂದು ನೋಟಿಸಿನಲ್ಲಿ ಬರೆದಿದ್ದರು.

ರಿಪೇರಿಗೆ ಹೋದ ನಾನು ಎಂಜಿನಿಯರನ ಲಾಗಿನ್‌ನಲ್ಲಿ ಕೂತು ಕಮಾಂಡ್ ಟೈಪ್ ಮಾಡಿದೆ, ಓಡಿತು. ಅದನ್ನೇ ಯಾರೂ ಕೂರದೆ ತಾನಾಗಿ ಓಡುವ ಹಿನ್ನೆಲೆಯ ಸರ್ವಿಸ್ ಮಾಡಿದರೆ ತಕ್ಷಣ ನಿಂತಿತು. ಹತ್ತು ಸಲವೂ ಇದೇ ಕಥೆ. ನನಗೆ ತಲೆಬುಡ ತಿಳಿಯಲಿಲ್ಲ.

“ನೀವು ಕುಂತ್ರ ಶಾಣ್ಯಾ ಆಗತೈತಿ, ಎದ್ರ ಸಾಯತೈತಿ. ನಿಮಗೂ ನೋಟಿಸ್ ಕೊಡ್ತಾರ ನೋಡ್ರಿ!” ಎಂದಳು ಶಾಂತವ್ವ.

ಕೊನೆಗೆ ಲಾಗ್ ಓದಿದೆ, ಅಂದರೆ ದೋಷಗಳನ್ನು ಕಂಪ್ಯೂಟರ್ ತಾನೇ ಬರೆದಿಡುವ ದಾಖಲೆ. ಸರ್ವಿಸ್ ಓಡುತ್ತಿದ್ದುದು ಬೇರೆ ಬಳಕೆದಾರನ ಹೆಸರಿನಲ್ಲಿ. ಬೇಕಾದ ಫೈಲನ್ನು ಎಂಜಿನಿಯರ್ ತನ್ನ ಖಾಸಗಿ ಫೋಲ್ಡರಿನಲ್ಲಿ ಇಟ್ಟಿದ್ದ. ಅದನ್ನು ತೆರೆಯಲು ಸರ್ವಿಸ್‌ಗೆ ಅನುಮತಿಯೇ ಇರಲಿಲ್ಲ. ಅನುಮತಿ ಕೊಟ್ಟು ಸರಿಪಡಿಸಿದೆ, ಸರ್ವಿಸ್ ನಿಲ್ಲದೆ ಓಡಿತು.

“ಚಾಲೂ ಝಾಲಾ ನಾ? ಬಸ್,” ಶುರುವಾಯಿತಲ್ಲ, ಸಾಕು ಎಂದು ಮರಾಠಿಯಲ್ಲಿ ಮುಗಿಸಿದ ಕಾರ್ಖಾನೆಯ ಮ್ಯಾನೇಜರ್. ನೋಟಿಸ್ ಮಾತ್ರ ಹಿಂಪಡೆಯಲಿಲ್ಲ.

ಯಂತ್ರ ನಿಂತಿದ್ದಕ್ಕೆ ನಿಮ್ಮತ್ತ ಬೆರಳು ತೋರಿದರೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಮೊದಲು ಲಾಗ್ ತೋರಿಸಿ ಎಂದು ಕೇಳಿ.