ಅವನು ಕುಡಿಯದ ಕಾಫಿ

ನನ್ನ ತಮ್ಮನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿ ಮೂರು ವರ್ಷವಾಗಿತ್ತು. ವಾರಕ್ಕೆರಡು ಸಲ ದೋಣಿಗಲ್‌ನಲ್ಲಿ ಬಸ್ಸು ಹತ್ತಿಸಿ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಿದ್ದವಳು ನಾನು. ನೀರು, ಕಾಫಿ ಎಲ್ಲ ಸೇರಿ ದಿನಕ್ಕೆ ಮೂರು ಲೋಟ ದಾಟಬಾರದು, ನೋವಿನ ಮಾತ್ರೆ ಮುಟ್ಟಲೇಬಾರದು ಎಂದು ಡಾಕ್ಟರು ಹೇಳಿದ್ದರು. ನೀರಿನ ವಿಷಯದಲ್ಲಿ ನಾನು ಬಲು ಬಿಗಿ. ಅವನ ಕಾಫಿಯನ್ನೂ ಬಿಡಿಸಿದ್ದೆ.

ಕಾಫಿ ಕೊಯ್ಲಿನ ಕಾಲದಲ್ಲಿ ನಮ್ಮ ಎಸ್ಟೇಟಿನ ಹೆಂಗಸರ ಸೊಂಟದ ಗಂಟಿನಲ್ಲಿ ನೋವಿನ ಮಾತ್ರೆ ಇದ್ದೇ ಇರುತ್ತದೆ. ಎಲೆ ಅಡಿಕೆಯಂತೆ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಮಂಡಿ ಹಿಡಿದುಕೊಂಡು ತಮ್ಮ ನರಳುವುದನ್ನು ನೋಡಲಾರದೆ ನನ್ನದನ್ನೇ ಕೊಟ್ಟೆ. ಕಿಡ್ನಿ ಕೆಡುತ್ತದೆಂದು ತಾನೇ ಬೇಡ ಅಂದಿದ್ದು, ಕಿಡ್ನಿಯೇ ಹೋದ ಮೇಲೆ ಇನ್ನೇನು ಕೆಡುತ್ತದೆ ಅಂದುಕೊಂಡೆ. ಕೊಯ್ಲು ಮುಗಿಯುವವರೆಗೂ ಕೊಡುತ್ತಲೇ ಇದ್ದೆ.

"ಅಕ್ಕ, ಕಕ್ಕಸ್ಸಿಗೆ ಹೋದ್ರೆ ಡಾಂಬರಿನಂಗೆ ಕಪ್ಪಗೆ ಬರ್ತೈತೆ" ಅಂದ ಒಂದು ದಿನ.

"ಕಬ್ಬಿಣದ ಮಾತ್ರೆ ತಿಂದ್ರೆ ಹಂಗೇ ಕಣೋ" ಅಂದೆ.

ಮತ್ತೊಂದು ಬೆಳಿಗ್ಗೆ ಬಸ್ಸಿಗೆ ಕಾಯುವಾಗ ರಸ್ತೆ ಬದಿಯಲ್ಲಿ ವಾಂತಿ ಮಾಡಿಕೊಂಡ. ಸೋಸಿ ಉಳಿದ ಕಾಫಿ ಚರಟದ ಹಾಗೇ ಇತ್ತು. ನನಗೆ ಸಿಟ್ಟು ನೆತ್ತಿಗೇರಿತು.

"ಕದ್ದು ಕಾಫಿ ಕುಡ್ದಿದ್ದೀಯಲ್ಲೋ! ಚರಟಾನೂ ಬಿಟ್ಟಿಲ್ಲ!"

"ಇಲ್ಲ ಕಣಕ್ಕ."

"ಸುಳ್ಳು ಬೇರೆ. ಇಲ್ಲೇ ಬಿದ್ದೈತೆ ನೋಡು."

"ಹೂಂ ಮಾರಾಯ್ತಿ, ಎಸ್ಟೇಟಿನ ಕಾಫಿಯೆಲ್ಲ ನಾನೇ ಕುಡ್ದ್‌ಬುಟ್ಟೆ" ಎಂದು ನಕ್ಕ. ತುಟಿ ಬಿಳಿಚಿಕೊಂಡಿತ್ತು. ನಾನು ಅಮ್ಮನಿಗೆ ಫೋನ್ ಮಾಡಿ ದೂರು ಹೇಳಿದೆ. ಆಮೇಲೆ ಬಸ್ಸಿನಲ್ಲಿ ಅವನ ಜೊತೆ ಮಾತೇ ಆಡಲಿಲ್ಲ.

ಅದು ಕಾಫಿಯಲ್ಲ, ಹೊಟ್ಟೆಯೊಳಗೆ ಹುಣ್ಣಾಗಿ ಸೋರಿದ ರಕ್ತ, ಅಲ್ಲೇ ನಿಂತು ಕಪ್ಪಾಗಿದೆ ಎಂದರು ಡಾಕ್ಟರು. ಕಿಡ್ನಿ ಹೋದವರಿಗೆ ರಕ್ತ ಬೇಗ ಕಟ್ಟುವುದಿಲ್ಲವಂತೆ.

"ನೋವಿನ ಮಾತ್ರೆಯಿಂದ ಹೀಗೆ ಹುಣ್ಣಾಗುತ್ತೆ. ಏನಾದ್ರೂ ಕೊಟ್ಟಿದ್ರಾ?"

"ಇಲ್ಲ ಸಾರ್" ಅಂದೆ. ಮಾತ್ರೆ ಆಗಲೂ ನನ್ನ ಸೊಂಟದಲ್ಲಿತ್ತು. ತಮ್ಮ ನನ್ನ ಮುಖ ನೋಡಿದ. ಅವನೂ ಇಲ್ಲವೆಂದು ತಲೆಯಾಡಿಸಿದ.

ಬಾಟಲಿಗಟ್ಟಲೆ ರಕ್ತ ಕೊಟ್ಟರು. ಮೂರನೇ ದಿನ ತೀರಿಕೊಂಡ. ನಿಜ ಹೇಳಿದ್ದರೆ ಉಳಿಯುತ್ತಿದ್ದನೇ ಎಂದು ಇದುವರೆಗೆ ಯಾರನ್ನೂ ಕೇಳಿಲ್ಲ. ಕೇಳಬೇಕಾದರೆ ಮೊದಲು ಹೇಳಬೇಕಲ್ಲ.

ಹನ್ನೊಂದನೇ ದಿನ ಎಡೆಗೆ ಅಮ್ಮ ಲೋಟದ ತುಂಬ ಕಾಫಿ ಇಟ್ಟಳು.

"ಹೋಗೋ ಮುಂಚೆ ಕದ್ದಾದ್ರೂ ಒಂದ್ ಲೋಟ ಕುಡ್ದನಲ್ಲ, ಅಷ್ಟೇ ನಂಗೆ ಸಮಾಧಾನ ಕಣವ್ವ" ಅಂದಳು.

ನಾನು ಹೂಂ ಅಂದೆ.