ಬಾಗಿಲಿಗೆ ಹಚ್ಚಿದ ಕುಂಕುಮ

ಗೈರು ಎಂಬ ಪದದ ಜೊತೆ ನನ್ನದು ಹಳೆಯ ಒಡನಾಟ. ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ನಾನು. ಹಾಜರಿ ಕೂಗುವಾಗ ದನಿ ಬಾರದ ಹೆಸರಿನ ಮುಂದೆ ಕೆಂಪು ಪೆನ್ನಿನಲ್ಲಿ ಗೈರು ಹಾಕುತ್ತೇನೆ. ಸಭೆಯ ನಡಾವಳಿ ಬರೆಯುವಾಗ ಅದೇ ಮಾತು ಇಸ್ತ್ರಿ ಹಾಕಿಸಿಕೊಂಡು 'ಅನುಪಸ್ಥಿತಿ' ಆಗುತ್ತದೆ. ಮನೆಯಲ್ಲಿ ಮಾತ್ರ ಅದಕ್ಕೆ ಅಂಜುತ್ತೇವೆ. ಅಕ್ಕಿ ಮುಗಿದರೂ 'ಇಲ್ಲ' ಅನ್ನದೆ 'ಹೆಚ್ಚಾಗೈತೆ' ಅನ್ನುತ್ತೇವೆ. ಪದ ಯಾವುದೇ ಇರಲಿ, ನನ್ನ ಸಿದ್ಧಾಂತ ಒಂದೇ ಆಗಿತ್ತು: ಬಾರದವರು ಹೇಳುವ ಕಾರಣ ಬೇರೆ, ಒಳಗಿರುವ ಕಾರಣ ಬೇರೆ. ರಜಾ ಚೀಟಿಗಳನ್ನು ನಾನು ಮುಗುಳ್ನಗುತ್ತಲೇ ಓದುತ್ತಿದ್ದೆ.

ನಮ್ಮ ಕಡೆ ಮದುವೆಗೆ ಕರೆಯುವುದೆಂದರೆ ಮನೆಗೇ ಬಂದು, ಹಣೆಗೆ ಕುಂಕುಮ ಹಚ್ಚಿ, ಕಾರ್ಡು ಕೈಗಿಟ್ಟು 'ಎಲ್ಲಾರೂ ಬರಬೇಕ್ರಿ' ಅನ್ನುವುದು. ಮನೆಗೆ ಬೀಗವಿದ್ದರೆ ಬಾಗಿಲಿಗೇ ಕುಂಕುಮ ಹಚ್ಚಿ, ಕಾರ್ಡನ್ನು ಸಂದಿಗೆ ಸಿಕ್ಕಿಸಿ ಹೋಗುತ್ತಾರೆ. ಅದೂ ಕರೆದಂತೆಯೇ. ಆದರೆ ಬೀಗ ತೆಗೆದು ಒಳಗೆ ಹೋದವರು ಅಷ್ಟಕ್ಕೆ ಸುಮ್ಮನಾಗಬೇಕಲ್ಲ! 'ನಾವಿಲ್ಲದ ಹೊತ್ತು ನೋಡ್ಕೊಂಡೇ ಬಂದಾರೆ' ಎಂಬ ಮಾತು ಹುಟ್ಟುವುದು ಆಗಲೇ.

ಕಳೆದ ಬೇಸಿಗೆಯಲ್ಲಿ ಒಂದು ಶನಿವಾರ ನಾನೂ ನನ್ನ ಗಂಡನೂ ಬಾತಿಯಲ್ಲಿ ಒಂದು ಗೃಹಪ್ರವೇಶ ಮುಗಿಸಿ ಸಂಜೆ ಐದಕ್ಕೆ ಮನೆಗೆ ಬಂದೆವು. ಬಾಗಿಲಿಗೆ ಕುಂಕುಮವಿತ್ತು. ಸಂದಿಯಲ್ಲಿದ್ದದ್ದು ಹರಿಹರದಲ್ಲಿರುವ ನನ್ನ ಒಬ್ಬನೇ ತಮ್ಮನ ಮಗಳ ಮದುವೆ ಕಾರ್ಡು. ಪಿಯುಸಿಗೆ ಎರಡು ವರ್ಷ ನಮ್ಮ ಮನೆಯಲ್ಲೇ ಇದ್ದು ಓದಿದ ಹುಡುಗಿ ಅವಳು. ಅವಳಿಗೆ ಮೊದಲ ಅರಿಶಿನ ಹಚ್ಚಬೇಕಾದವಳು ಸೋದರತ್ತೆಯಾದ ನಾನು. ಅಂಥ ನನಗೆ ಪರವೂರಿನವರಿಗೆ ಸಿಕ್ಕಿಸುವಂತೆ ಕಾರ್ಡು ಸಿಕ್ಕಿಸಿ ಹೋಗಿದ್ದರು.

ಕಾರ್ಡು ಹಿಡಿದು ಅಲ್ಲೇ ನಿಂತವಳಿಗೆ ನೆನಪಾಯಿತು. ಎರಡು ದಿನದ ಹಿಂದೆ ತಮ್ಮನ ಹೆಂಡತಿಗೆ ಫೋನಿನಲ್ಲಿ ನಾನೇ ಹೇಳಿದ್ದೆ, ಶನಿವಾರ ಮನೆಯಲ್ಲಿ ಇರುವುದಿಲ್ಲ, ಬಾತಿಗೆ ಹೋಗುತ್ತೇವೆ ಎಂದು. ಗೊತ್ತಿದ್ದೂ ಅದೇ ದಿನ ಬಂದಿದ್ದರು!

"ಕುಂಕುಮ ಐತೆ, ಕಾರ್ಡ್ ಐತೆ, ಇನ್ನೇನು ಬೇಕು ನಿನಗೆ?" ಎಂದರು ನನ್ನ ಗಂಡ.

"ನಿಮಗೆ ಇವೆಲ್ಲ ತಿಳಿಯಂಗಿಲ್ಲ ಬಿಡ್ರಿ," ಎಂದೆ.

ಫೋನ್ ಮಾಡಿ ಕೇಳಿದ್ದರೆ ಅರ್ಧ ನಿಮಿಷದ ಮಾತು. ಕೇಳಲಿಲ್ಲ. ಬದಲಿಗೆ ಹಳೆಯದನ್ನೆಲ್ಲ ಕೆದಕಿದೆ. ಗಂಡು ನೋಡಲು ಕಡರನಾಯಕನಹಳ್ಳಿಗೆ ಹೋದಾಗ ನನ್ನನ್ನು ಯಾಕೆ ಕರೆದೊಯ್ಯಲಿಲ್ಲ? ಸೀರೆ ತರಲು ದಾವಣಗೆರೆಗೇ ಬಂದವರು ನಮ್ಮ ಮನೆಗೆ ಯಾಕೆ ಬರಲಿಲ್ಲ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ನನಗೆ ಆಗ ಆ ಹಳದಿ ಬಹಳ ಸ್ಪಷ್ಟವಾಗಿ ಕಾಣುತ್ತಿತ್ತು.

ಅರಿಶಿನದ ದಿನ ಫೋನ್ ನಾಲ್ಕು ಸಲ ಬಡಕೊಂಡಿತು. ಮಂದಿ ಕೂಡಿದ ಮೇಲೆ ನೆನಪಾದೆನಾ ಎಂದು ಎತ್ತಲಿಲ್ಲ. ಮೊದಲ ಮೂರು ತಮ್ಮನ ನಂಬರು, ಕೊನೆಯದು ಹುಡುಗಿಯದು. ಅವಳ ಕೈಲಿ ಮಾಡಿಸುತ್ತಿದ್ದಾರೆ ಅಂದುಕೊಂಡೆ. ಮದುವೆಯ ದಿನ ಮನೆಯಲ್ಲೇ ಉಳಿದು ಪಾತ್ರೆಗಳನ್ನೆಲ್ಲ ಇಳಿಸಿ ತಿಕ್ಕಿದೆ. ನನ್ನ ಗಂಡ ಇಸ್ತ್ರಿ ಮಾಡಿಸಿಟ್ಟಿದ್ದ ಪಂಚೆಯನ್ನು ಮತ್ತೆ ಟ್ರಂಕಿನಲ್ಲಿಟ್ಟರು.

ಮರುದಿನದಿಂದ ನೆಂಟರ ಫೋನ್ ಶುರುವಾದವು. ಎಲ್ಲರದೂ ಒಂದೇ ಪ್ರಶ್ನೆ: "ಈಗ ಹೆಂಗೈತೆ ಮೈಯಾಗೆ?" ಬೇಕಂತಲೇ ಚುಚ್ಚುತ್ತಿದ್ದಾರೆ ಅನಿಸಿತು. ಹದಡಿಯ ಚಿಕ್ಕಮ್ಮ ಕೇಳಿದಾಗ ತಡೆಯಲಾಗದೆ, "ನನಗೇನಾಗೈತೆ? ಗುಂಡುಕಲ್ಲು ಇದ್ದಂಗಿದೀನಿ," ಎಂದುಬಿಟ್ಟೆ.

"ಅಯ್ಯ, ನಿನ್ನ ತಮ್ಮನೇ ಹೇಳಿದ್ನಲ್ಲೇ, ಅಕ್ಕಗೆ ಜೋರು ಜ್ವರ ಅಂತ," ಎಂದಳು ಚಿಕ್ಕಮ್ಮ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತಪ್ಪು ಮಾಡಿದವನು ಸುಳ್ಳು ಹೇಳಿ ಮುಚ್ಚಿಕೊಂಡಿದ್ದಾನೆ, ಸರಿಯಾಗಿ ಬಿಸಿ ಮುಟ್ಟಿಸಿ ಬರೋಣ ಎಂದು ಭಾನುವಾರ ಹರಿಹರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನೇನು ಕೇಳಬೇಕೆಂದು ಪಾಠ ಒಪ್ಪಿಸುವಂತೆ ಹೇಳಿಕೊಳ್ಳುತ್ತಿದ್ದೆ.

ಬಾಗಿಲು ತೆಗೆದ ತಮ್ಮನ ಹೆಂಡತಿ, "ಬರ್ರಿ ಅಕ್ಕಾ, ಕೂಡ್ರಿ. ಜ್ವರ ಬಿಡ್ತಾ?" ಎಂದಳು. ಅಷ್ಟಕ್ಕೇ ನನಗೆ ಮೈ ಉರಿಯಿತು.

"ಯಾವ ಜ್ವರ? ನಾನು ಬಾತಿಗೆ ಹೋಗೋದು ಗೊತ್ತಿದ್ದೂ ಬೀಗ ಹಾಕಿದ ಮನೆಗೆ ಬಂದು ಹೋದ್ರಲ್ಲ, ಅದನ್ನ ಹೇಳು ಮೊದಲು!"

ಅವಳು ನನ್ನ ಮುಖ ನೋಡಿದಳು. "ಊಟ ಮುಗಿಸಿ ಎರಡಕ್ಕೆಲ್ಲ ಮನೇಲಿರ್ತೀನಿ ಅಂದಿದ್ರಲ್ಲಕ್ಕ. ಅದಕ್ಕೇ ಎರಡಕ್ಕೆ ಬಂದ್ವಿ."

ಹೌದು, ಅಂದಿದ್ದೆ. ಅದೇ ಫೋನಿನಲ್ಲಿ, ಅದೇ ಉಸಿರಿನಲ್ಲಿ ಹೇಳಿದ್ದೆ. ಬಾತಿಯಲ್ಲಿ ಮಾತಿಗೆ ಕೂತು ತಡವಾಗಿತ್ತು. ಇಷ್ಟು ದಿನ ನನ್ನ ಮಾತಿನ ಮೊದಲರ್ಧವನ್ನಷ್ಟೇ ಹಿಡಿದುಕೊಂಡು ಕೂತಿದ್ದೆ.

ತಮ್ಮ ಒಳಗಿನಿಂದ ಬಂದ. "ನಾಲ್ಕರ ತನಕ ನಿಮ್ಮ ಕಟ್ಟೆ ಮ್ಯಾಲೇ ಕೂತಿದ್ವಿ. ಬ್ಯಾರೆ ಊರಿಗೂ ಕಾರ್ಡ್ ಕೊಡೋದಿತ್ತು, ಎದ್ವಿ. ಫೋನಿನಾಗಾದ್ರೂ ಕರೆಯೋಣ ಅಂದ್ಲು ಇವಳು. ನಾನೇ ಬ್ಯಾಡ ಅಂದೆ. ಫೋನಿನಾಗೆ ಕರೆದ್ರೆ ಬರಂಗಿಲ್ಲ ಅಂತ ದೊಡ್ಡಪ್ಪನ ಮಗನ ಮದುವೇಲಿ ಜಗಳ ತೆಗೆದಾಕಿ ನೀನು."

"ಜ್ವರ ಅಂತ ಯಾಕ ಹೇಳ್ದಿ?"

"ಮತ್ತೇನು ಹೇಳ್ಲಿ? ಅರಿಶಿನದ ಬಟ್ಟಲು ಹಿಡಕೊಂಡು ಎಲ್ಲಾರೂ ಅಕ್ಕ ಎಲ್ಲಿ, ಅಕ್ಕ ಎಲ್ಲಿ ಅಂತಿದ್ರು. ಮಗಳು ಬಾಗಿಲು ನೋಡ್ತಾ ಕೂತಿದ್ಲು. ಬರಾಕೆ ಮನಸ್ಸಿಲ್ಲ ಅಂತ ಹೇಳ್ಲಾ?"

ನಾಚಿಕೆಯಾಯಿತು. ತಪ್ಪಾಯಿತು ಎಂದೆ. ತಮ್ಮ ಬ್ಯಾಡ ಬಿಡು ಎಂದು ಕೈಯಾಡಿಸಿದನೇ ಹೊರತು ನನ್ನ ಕಡೆ ನೋಡಲಿಲ್ಲ. ಅವನ ಹೆಂಡತಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟಳು. ಯಾರೂ ತಿನ್ನಲಿಲ್ಲ.

ಅಷ್ಟರಲ್ಲಿ ಅವಳ ಮೊಬೈಲಿಗೆ ಮಗಳ ವಿಡಿಯೊ ಕಾಲ್ ಬಂತು. ಎತ್ತುವ ಮೊದಲು ತಮ್ಮ ಮೆಲ್ಲಗೆ ಹೇಳಿದ, "ಆಕೀಗೆ ಮಾತ್ರ ಜ್ವರ ಅಂತಲೇ ಹೇಳಕ್ಕ. ಬ್ಯಾರೆ ಏನೂ ಹೇಳಬ್ಯಾಡ."

ಹೊಸ ಕರಿಮಣಿ, ಕೆನ್ನೆಯಲ್ಲಿ ಇನ್ನೂ ಮಾಸದ ಅರಿಶಿನ. ನನ್ನನ್ನು ಕಂಡದ್ದೇ, "ಅತ್ತೆ! ನಾಲ್ಕು ಸಲ ಫೋನ್ ಮಾಡಿದ್ರೂ ಎತ್ತಲಿಲ್ಲಲ್ಲ, ನಂಗೆ ಎಷ್ಟು ಹೆದರಿಕೆ ಆಗಿತ್ತು ಗೊತ್ತಾ? ಜ್ವರ ಬಿಡ್ತಾ?" ಎಂದಳು. ಅಪ್ಪನ ಫೋನಿನಿಂದ ಬಂದ ಮೂರೂ ಸೇರಿ ನಾಲ್ಕೂ ಅವಳೇ ಮಾಡಿದ್ದು.

"ಬಿಡ್ತವ್ವ," ಎಂದೆ.

ನಂಬಿದಳು. "ಹುಷಾರಾಗಿರು, ಬಿಸಿಲಾಗೆ ಅಡ್ಡಾಡಬ್ಯಾಡ," ಎಂದು ಬುದ್ಧಿಯನ್ನೂ ಹೇಳಿದಳು.